ಉಸಿರಿನ ನಳಿಗೆ ಮತ್ತು ನಿಜಾಮರ ಕಾಲದ ಒಂದು ಪ್ರಶ್ನೆ

ನಿಜಾಮರ ಆಳ್ವಿಕೆ ಎಂದೊಡನೆ ನಮ್ಮ ಭಾಗದವರಿಗೆ ನೆನಪಾಗುವುದು ರಜಾಕಾರರ ಹಾವಳಿ ಮತ್ತು 1948ರ ಸೆಪ್ಟೆಂಬರ್. ಅದು ಸಹಜ. ಆದರೆ ಸೇಡಂ, ಚಿತ್ತಾಪುರ, ಚಿಂಚೋಳಿಗಳು ಸೇರಿದ್ದ ಆ ಸಂಸ್ಥಾನದಲ್ಲಿ ಜಗತ್ತಿನ ವೈದ್ಯರ ಗಮನ ಸೆಳೆದ ಶೋಧವೊಂದೂ ನಡೆದಿತ್ತು. ಅದನ್ನು ನಾವು ಮರೆತಿದ್ದೇವೆ.

ಆಗ ಕ್ಲೋರೋಫಾರ್ಮ್ ಪಡೆದ ಕೆಲ ರೋಗಿಗಳು ಶಸ್ತ್ರಕ್ರಿಯೆಯ ಮೇಜಿನ ಮೇಲೆಯೇ ಸಾಯುತ್ತಿದ್ದರು. ಮೊದಲು ನಿಲ್ಲುವುದು ಹೃದಯವೋ ಉಸಿರೋ? ಹೈದರಾಬಾದಿನ ರೆಸಿಡೆನ್ಸಿ ಸರ್ಜನ್ ಎಡ್ವರ್ಡ್ ಲಾರಿ, ಉಸಿರೇ ಎಂದರು. ಇದನ್ನು ಪರೀಕ್ಷಿಸಲು 1888ರಲ್ಲಿ ಆಯೋಗವೊಂದು ರಚನೆಯಾಯಿತು. ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆ ಅದರ ತೀರ್ಮಾನವನ್ನು ಒಪ್ಪಲಿಲ್ಲ. ಆಗ ಆರನೆಯ ನಿಜಾಮ ಮಹಬೂಬ್ ಅಲಿ ಖಾನ್ ಸಾವಿರ ಪೌಂಡ್ ಕೊಟ್ಟು, ಪತ್ರಿಕೆಯೇ ತಜ್ಞರನ್ನು ಕಳಿಸಲಿ ಎಂದರು. 1889ರಲ್ಲಿ ಲಾಡರ್ ಬ್ರಂಟನ್ ಬಂದರು. ಮುಂಬಯಿ ಕಡೆಯಿಂದ ಹೈದರಾಬಾದಿಗೆ ಹೋಗುವ ರೈಲು ಆಗ ವಾಡಿಯಲ್ಲಿ ಕವಲೊಡೆದು ಸೇಡಂ ದಾಟಿ ಸಾಗುತ್ತಿತ್ತು. ಲಾರಿಯವರ ಶಿಷ್ಯೆ ರೂಪಾಬಾಯಿ ಫರ್ದೂನ್‌ಜಿ ಜಗತ್ತಿನ ಮೊದಲ ಮಹಿಳಾ ಅರಿವಳಿಕೆ ವೈದ್ಯೆಯೆಂದು ಹೆಸರಾದರು.

‘ಉಸಿರನ್ನು ಗಮನಿಸಿ’ ಎಂಬುದು ಎರಡನೆಯ ಆಯೋಗದ ತೀರ್ಪೂ ಆಗಿತ್ತು. ಹೃದಯವೂ ಹಠಾತ್ತನೆ ಕೈಕೊಡಬಲ್ಲದೆಂದು 1911ರಲ್ಲಿ ಗುಡ್‌ಮನ್ ಲೆವಿ ತೋರಿಸಿದರು. ತೀರ್ಪು ಅರ್ಧ ಸರಿಯಾಗಿತ್ತು. ಎಚ್ಚರಿಕೆ ಮಾತ್ರ ಪೂರ್ತಿ ಉಳಿಯಿತು.

ಇಂದು ಎದೆಮೂಳೆ ಸೀಳದೆ, ಪಕ್ಕೆಲುಬುಗಳ ನಡುವಿನ ಸಣ್ಣ ಗಾಯದಿಂದಲೇ ಹೃದಯದ ಕವಾಟ ಸರಿಪಡಿಸುತ್ತಾರೆ. ಹೃದಯ ಕಾಣಬೇಕಾದರೆ ಸಾಮಾನ್ಯವಾಗಿ ಬಲ ಶ್ವಾಸಕೋಶ ಕುಗ್ಗಬೇಕು, ಎಡದ್ದು ಮಾತ್ರ ಉಸಿರಾಡಬೇಕು. ಇದಕ್ಕೆ ದಾರಿ ಎರಡು. ಒಂದು, ಎರಡು ಕೊಳವೆಗಳು ಜೋಡಿಸಿಕೊಂಡಿರುವ ನಳಿಗೆ. ಸ್ವೀಡನ್ನಿನ ಕಾರ್ಲೆನ್ಸ್ 1949ರಲ್ಲಿ ಇಂಥದ್ದನ್ನು ರೂಪಿಸಿದ್ದರು. ಇದು ಶ್ವಾಸಕೋಶಗಳನ್ನು ಚೆನ್ನಾಗಿ ಬೇರ್ಪಡಿಸುತ್ತದೆ, ಕಫ ಹೀರಲೂ ಅನುಕೂಲ. ಆದರೆ ದಪ್ಪ, ಸಣ್ಣ ಮೈಕಟ್ಟಿನ ಹೆಂಗಸರಿಗೆ ತೂರಿಸುವುದು ಕಷ್ಟ. ಶಸ್ತ್ರಕ್ರಿಯೆ ಮುಗಿದ ಮೇಲೂ ವೆಂಟಿಲೇಟರ್ ಬೇಕಾದರೆ, ಸಾಮಾನ್ಯವಾಗಿ ಊದಿದ ಗಂಟಲಲ್ಲೇ ನಳಿಗೆ ಬದಲಿಸಬೇಕಾಗುತ್ತದೆ. ಇನ್ನೊಂದು, ಸಾಮಾನ್ಯ ನಳಿಗೆಯೊಳಗೆ ಪುಟ್ಟ ಬಲೂನಿರುವ ತಂತು ಇಳಿಸಿ ಒಂದು ಕವಲನ್ನು ಮುಚ್ಚುವುದು. ಇಲ್ಲಿ ಬದಲಾವಣೆ ಬೇಡ. ಆದರೆ ಬಲೂನು ಜಾರಬಹುದು. ಬಲಗಡೆಯ ಮೇಲಿನ ಕವಲು ಬೇಗ ಒಡೆಯುವುದರಿಂದ ಅದನ್ನು ಸರಿಯಾಗಿ ಕೂರಿಸುವುದೂ ನಾಜೂಕು. ಯಾವುದೇ ಆದರೂ ದುರ್ಬೀನಿನಲ್ಲಿ ನೋಡಿ ಖಚಿತಪಡಿಸಿಕೊಳ್ಳಬೇಕು.

ಎಲ್ಲರಿಗೂ ಒಂದೇ ನಳಿಗೆ ಎಂಬ ಸೂತ್ರವಿಲ್ಲ. ಶಹಾಬಾದಿನ ಕಲ್ಲುಗಣಿಯ ಧೂಳಲ್ಲೋ ಬೀಡಿಯ ಹೊಗೆಯಲ್ಲೋ ಬಳಲಿದ ಎದೆಗೆ ಒಂದೇ ಶ್ವಾಸಕೋಶದ ಉಸಿರು ಸಾಲದಿರಬಹುದು. ಅಂಥವರಿಗೆ ಎದೆ ತೆರೆಯುವ ಹಳೆಯ ವಿಧಾನವೇ ಮೇಲಾದೀತು. ಗಾಯ ಚಿಕ್ಕದೆಂದು ಅಪಾಯವೂ ಚಿಕ್ಕದೆನ್ನಲಾಗದು. ಹೃದ್ರೋಗಕ್ಕೆ ನಮ್ಮವರು ಹೈದರಾಬಾದಿಗೋ ಸೊಲ್ಲಾಪುರಕ್ಕೋ ಓಡುತ್ತಿದ್ದರು. ಈಗ ಕಲಬುರಗಿಯಲ್ಲೇ ಜಯದೇವ ಆಸ್ಪತ್ರೆಯಿದೆ. ಶಸ್ತ್ರಕ್ರಿಯೆಗೆ ಮುನ್ನ ಅರಿವಳಿಕೆ ವೈದ್ಯರಿಗೆ ನಮ್ಮ ದುಡಿಮೆ, ಚಟ, ಹಳೆಯ ದಮ್ಮು ಎಲ್ಲವನ್ನೂ ಮುಚ್ಚಿಡದೆ ಹೇಳಬೇಕು. ನಮಗೆ ಯಾವ ನಳಿಗೆ, ಏಕೆ ಎಂದು ಕೇಳುವ ಹಕ್ಕೂ ನಮಗಿದೆ.