ರೆಟ್ಟೆ ಬೇಕು, ಆಳು ಬೇಡ

ಬೆಂಗಳೂರು ಬಳಸಿ ಬಿಸಾಡಿದ ಪ್ಲಾಸ್ಟಿಕ್ಕು ಮೈಸೂರು ರಸ್ತೆಯ ನಾಯಂಡಹಳ್ಳಿಗೆ ಬಂದು ಬೀಳುತ್ತದೆ. ಹಾಲಿನ ಕವರು, ಒಡೆದ ಬಕೆಟ್ಟು, ನೀರಿನ ಬಾಟ್ಲಿ, ಎಲ್ಲವನ್ನೂ ಮುಟ್ಟಿ, ಹಿಸುಕಿ, ಬೇಕಾದರೆ ಸುಟ್ಟು ಮೂಸಿ, ಇದು ಇಂಥ ಮಾಲು ಅಂತ ಹೇಳಬಲ್ಲವರು ಅಲ್ಲಿನ ಗುಜರಿ ಗೋಡೌನುಗಳಲ್ಲಿದ್ದಾರೆ. ಇದೂ ಒಂದು ವಿದ್ಯೆಯೇ. ಸರ್ಟಿಫಿಕೇಟು ಇಲ್ಲ ಅಷ್ಟೆ. ಉತ್ತರ ಕರ್ನಾಟಕದಿಂದ, ಹೊರ ರಾಜ್ಯಗಳಿಂದ ಬಂದ ಇವರಿಗೆ ಈ ಹೊಲಸು ಕೆಲಸವೇ ಯಾಕೆ ಸಿಕ್ಕಿತು ಅಂತ ಯಾರೂ ಕೇಳೋದಿಲ್ಲ. 'ಬಂಗ್ಲಾದೇಶದೋರಾ?' ಅಂತ ಮಾತ್ರ ಕೇಳುತ್ತಾರೆ.

ಈ ಪ್ರಶ್ನೆ ಏನು ಮಾಡಬಲ್ಲದು ಎಂಬುದನ್ನು ನಾವು 2020ರಲ್ಲಿ ಕಂಡೆವು. ಜನವರಿ 19ರಂದು ಬೆಳ್ಳಂದೂರು ಬಳಿಯ ಕರಿಯಮ್ಮನ ಅಗ್ರಹಾರದಲ್ಲಿ ಅಕ್ರಮ ಬಂಗ್ಲಾದೇಶಿಗಳೆಂದು ಹೇಳಿ ಕೂಲಿಗಳ ಶೆಡ್ಡುಗಳನ್ನು ನೆಲಸಮ ಮಾಡಿದರು. ಬೀದಿಗೆ ಬಿದ್ದವರಲ್ಲಿ ಕನ್ನಡ ಬಿಟ್ಟು ಬೇರೆ ಮಾತು ಬಾರದ ಉತ್ತರ ಕರ್ನಾಟಕದವರೂ ಇದ್ದರು! ಈ ಕೆಡವಿದ್ದು ಕಾನೂನುಬಾಹಿರ ಎಂದು ಆಮೇಲೆ ಹೈಕೋರ್ಟು ಹೇಳಿತು. ಅದೇ ವರ್ಷ ಮೇ ತಿಂಗಳಲ್ಲಿ, ಲಾಕ್‌ಡೌನಿನಲ್ಲಿ ಕೂಲಿಯಿಲ್ಲದೆ ಊರಿಗೆ ಹೊರಟವರ ರೈಲುಗಳನ್ನು ರಾಜ್ಯ ಸರ್ಕಾರ ರದ್ದು ಮಾಡಿತು. ಅದಕ್ಕೆ ಮುಂಚೆ ಮುಖ್ಯಮಂತ್ರಿಗಳು ಬಿಲ್ಡರುಗಳ ಜೊತೆ ಸಭೆ ನಡೆಸಿದ್ದರು. ದೇಶವೆಲ್ಲ ಉಗಿದ ಮೇಲೆ ರೈಲು ಬಿಟ್ಟರು. ಜನವರಿಯಲ್ಲಿ ತೊಲಗಿ, ಮೇನಲ್ಲಿ ಹೋಗಬೇಡಿ.

ನಮಗಿದು ಹೊಸದೇ? ಕೇರಿಯವನ ರೆಟ್ಟೆ ಹೊಲಕ್ಕೆ ಬೇಕಿತ್ತು, ಕೇರಿಯವನು ಊರೊಳಗೆ ಬೇಡವಾಗಿದ್ದ. ಜೀತದಾಳನ್ನು 'ನಿಯತ್ತಿನ ಆಳು' ಎಂದು ಹೊಗಳಿದ ಧಣಿಯೇ, ಅವನು ಲೆಕ್ಕ ಕೇಳಿದ ದಿನ 'ಸೊಕ್ಕು ಬಂತು' ಅಂದ.

ಅಮೆರಿಕಾ ಇದನ್ನೇ ಒಪ್ಪಂದ ಮಾಡಿಕೊಂಡು ಮಾಡಿತು. ಯುದ್ಧಕಾಲದಲ್ಲಿ ಆಳು ಸಿಗದೆ 1942ರಲ್ಲಿ ಮೆಕ್ಸಿಕೋದಿಂದ 'ಬ್ರಸೇರೊ'ಗಳನ್ನು ಕರೆಸಿತು. ಸ್ಪಾನಿಷಿನಲ್ಲಿ ತೋಳು ಎಂಬ ಮಾತಿನಿಂದಲೇ ಆ ಹೆಸರು ಬಂದದ್ದು. 1964ರವರೆಗೆ 40 ಲಕ್ಷಕ್ಕೂ ಮೀರಿ ಕರಾರುಗಳಾದವು. ಬಗ್ಗಿ ದುಡಿಯುವುದು ಅವರ ಮೈಗೇ ಒಗ್ಗಿದ್ದು ಅಂತ ತೋಟದ ಮಾಲೀಕರು ಹೊಗಳಿದರು. ಬೆನ್ನು ಮುರಿಯುವ ಗಿಡ್ಡ ಹಿಡಿಯ ಗುದ್ದಲಿ ಕ್ಯಾಲಿಫೋರ್ನಿಯಾದಲ್ಲಿ ನಿಷೇಧವಾದದ್ದು 1975ರಲ್ಲಿ. ಹೀಗೆ ಕರೆಸುತ್ತಿದ್ದಾಗಲೇ 1954ರಲ್ಲಿ ಅದೇ ಸರ್ಕಾರ ಕಾಗದವಿಲ್ಲದ ಮೆಕ್ಸಿಕನ್ನರನ್ನು ಹೊಲಗಳಿಂದಲೇ ಹಿಡಿದು ಲಕ್ಷಗಟ್ಟಲೆ ಗಡಿ ದಾಟಿಸಿತು.

'ಅವ್ರು ಕಮ್ಮಿ ಕೂಲಿಗೆ ಬರ್ತಾರೆ, ನಮ್ ಹೊಟ್ಟೆ ಮೇಲೆ ಹೊಡೀತಾರೆ' ಎಂಬ ಮಾತು ನಮ್ಮ ಸಂಗಾತಿಗಳ ಬಾಯಲ್ಲೂ ಇದೆ. ಪೂರಾ ಸುಳ್ಳಲ್ಲ. ಪೊಲೀಸರ ಭಯ ಇರುವವನು ಕೂಲಿ ಜಾಸ್ತಿ ಕೇಳಲಾರ, ಆ ಭಯವೇ ಮಾಲೀಕನ ಲಾಭ. ಮೆಕ್ಸಿಕನ್ ಕೂಲಿಗಳ ದೊಡ್ಡ ನಾಯಕ ಸೀಸರ್ ಚಾವೆಜ್‌ರ ಸಂಘವೂ 1974ರಲ್ಲಿ, ಮುಷ್ಕರ ಮುರಿಯುತ್ತಾರೆಂದು, ಕಾಗದವಿಲ್ಲದವರ ಮೇಲೆ ಸರ್ಕಾರಕ್ಕೆ ದೂರು ಕೊಟ್ಟಿತ್ತು. ಮುಂದೆ ಅದೇ ಸಂಘ ಅವರ ಪರ ನಿಂತಿತು. 1986ರ ಕಾನೂನಿನಿಂದ ಸುಮಾರು 27 ಲಕ್ಷ ಮಂದಿಗೆ ಕಾಗದ ಸಿಕ್ಕಿತು.