ಹಳೆಯ ಎಂಜಿನ್ನು, ಆಳದ ಬಾವಿ

ಕರಾವಳಿಯ ಮಿತ್ರರೊಬ್ಬರು ಒಮ್ಮೆ ನಮ್ಮ ಮನೆಗೆ ಬಂದಿದ್ದಾಗ, ತಮ್ಮ ತಂದೆಯವರ ದೋಣಿಯ ಹಿಂಬದಿಗೆ ಕಟ್ಟಿದ್ದ ಹಳೆಯ ಔಟ್‌ಬೋರ್ಡ್ ಮೋಟಾರಿನಿಂದ ಇನ್ನಷ್ಟು ವೇಗವನ್ನು ಹೊರಡಿಸಲು ತಾವು ಪಟ್ಟ ಪಾಡನ್ನು ಬಣ್ಣಿಸಿದರು. ಕೊನೆಗೆ, "ನಿಮ್ಮ ಕೋಲಾರದ ಕಡೆ ಇಂಥ ಕಥೆಗಳಿರಲಾರವು" ಎಂದು ನಕ್ಕರು. ದೋಣಿ ತೇಲುವಷ್ಟು ನೀರಿಲ್ಲದ ಸೀಮೆ ನಮ್ಮದು. ಅವರ ಮಾತು ಅಷ್ಟರಮಟ್ಟಿಗೆ ನಿಜ. ಆದರೆ ಹಳೆಯ ಎಂಜಿನ್ನನ್ನು ಓಲೈಸುವ ವಿದ್ಯೆಯಲ್ಲಿ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ರೈತ ಯಾರಿಗೂ ಕಡಮೆಯವನಲ್ಲ. ಅವರ ಎಂಜಿನ್ನು ನೀರಿನ ಮೇಲೆ ಓಡುತ್ತಿತ್ತು; ನಮ್ಮದು ನೀರನ್ನು ಅರಸಿಕೊಂಡು ನೆಲದೊಳಕ್ಕೆ ಇಳಿಯಿತು. ಆ ಇಳಿಯುವಿಕೆಯ ಚರಿತ್ರೆಯನ್ನು ಇಂದು ತಮ್ಮ ಮುಂದಿಡಬಯಸುತ್ತೇನೆ.

ಪಾಲಾರ್, ದಕ್ಷಿಣ ಪಿನಾಕಿನಿ ಎಂಬ ಹೆಸರುಗಳೇನೋ ನಮ್ಮಲ್ಲಿ ಉಂಟು. ವರ್ಷದ ಬಹುಪಾಲು ಅವು ಮರಳಿನ ಹೆಸರುಗಳು. ಆದ್ದರಿಂದಲೇ ನಮ್ಮ ಹಿರಿಯರು ಒಂದರ ಕೆಳಗೊಂದು ಕೆರೆ ಕಟ್ಟಿದರು, ಕೆರೆಯ ಕೆಳಗಿನ ಅಚ್ಚುಕಟ್ಟಿನಲ್ಲಿ ಬಾವಿ ತೋಡಿದರು. ಕೆರೆ ತುಂಬಿದ ವರ್ಷ ಬಾವಿಯಲ್ಲಿ ನೀರು ಕೈಗೆಟುಕುವಷ್ಟು ಮೇಲೆ. ಅಲ್ಲಿ ಯಾತ ಸಾಕು. ನೀರು ತಳ ಸೇರಿದ ವರ್ಷ ಕಪಿಲೆ. ಒಂದು ಜೊತೆ ಎತ್ತು, ಇಳಿಜಾರಿನ ದಾರಿ, ರಾಟೆ, ಮಿಣಿ, ತೊಗಲಿನ ಚೀಲ, ಅದರ ಹಿಂದೆ ಎತ್ತುಗಳೊಡನೆ ಮಾತನಾಡುತ್ತ, ಹಾಡುತ್ತ ಇಳಿಯುವ ಒಬ್ಬ ಮನುಷ್ಯ. ಈ ವ್ಯವಸ್ಥೆಯಲ್ಲಿ ಒಂದು ಗುಣವಿತ್ತು, ಅದನ್ನು ನಾವು ಗಮನಿಸಿದ್ದು ಬಹಳ ತಡವಾಗಿ: ಎತ್ತು ದಣಿಯುತ್ತಿತ್ತು. ಎತ್ತು ದಣಿದಾಗ ಬಾವಿಗೆ ಊರುವುದಕ್ಕೆ ಬಿಡುವು ಸಿಗುತ್ತಿತ್ತು.

ದಣಿಯದ ಎತ್ತಿನ ಕನಸನ್ನು ದಕ್ಷಿಣ ಭಾರತಕ್ಕೆ ತಂದವರಲ್ಲಿ ಮುಖ್ಯರು ಆಲ್‌ಫ್ರೆಡ್ ಚಾಟರ್ಟನ್. ಮದರಾಸಿನಲ್ಲಿ ಎಂಜಿನಿಯರಿಂಗ್ ಪ್ರಾಧ್ಯಾಪಕರಾಗಿದ್ದ ಈತ 20ನೆಯ ಶತಮಾನದ ಮೊದಲ ದಶಕದಲ್ಲಿ ರೈತರ ಬಾವಿಗಳಿಗೆ ಆಯಿಲ್ ಎಂಜಿನ್ನನ್ನೂ ಸೆಂಟ್ರಿಫ್ಯೂಗಲ್ ಪಂಪನ್ನೂ ಜೋಡಿಸಿ ಪ್ರಯೋಗ ನಡೆಸಿದರು. ನೀರೆತ್ತುವ ನೀರಾವರಿಯನ್ನು ಕುರಿತೇ ಒಂದು ಪುಸ್ತಕ ಬರೆದರು. 1912ರಲ್ಲಿ ಮೈಸೂರು ಸಂಸ್ಥಾನಕ್ಕೆ ಕೈಗಾರಿಕೆ ಮತ್ತು ವಾಣಿಜ್ಯ ಇಲಾಖೆಯ ನಿರ್ದೇಶಕರಾಗಿ ಬಂದರು. ಅದೇ ವರ್ಷ ದಿವಾನರಾದವರು, ಅಂದಿನ ಕೋಲಾರ ಜಿಲ್ಲೆಯ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು. ಚಾಟರ್ಟನ್ನರ ಹೆಸರನ್ನು ನಾವು ಗಂಧದೆಣ್ಣೆಯ ಕಾರ್ಖಾನೆಯ ಸಂದರ್ಭದಲ್ಲಿ ನೆನೆಯುತ್ತೇವೆ. ಬಾವಿಯ ಸಂದರ್ಭದಲ್ಲಿ ಮರೆತಿದ್ದೇವೆ.

ಇಲ್ಲೊಂದು ವಿಚಿತ್ರವಿದೆ. ಶಿವನಸಮುದ್ರದ ವಿದ್ಯುತ್ತು 92 ಮೈಲಿ ದೂರ ಸಾಗಿ 1902ರಲ್ಲೇ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತ್ತು. ಬೆಂಗಳೂರಿನ ಬೀದಿಗಳೇ ಅದಕ್ಕಾಗಿ ಇನ್ನೂ ಮೂರು ವರ್ಷ ಕಾದವು. ಗಣಿಯ ಆಳದಿಂದ ಚಿನ್ನವನ್ನೆತ್ತಲು ಬಂದ ವಿದ್ಯುತ್ತು, ಅದೇ ಜಿಲ್ಲೆಯ ಬಾವಿಯ ಆಳದಿಂದ ನೀರನ್ನೆತ್ತಲು ಮಾತ್ರ ದಶಕಗಳ ಕಾಲ ಬರಲಿಲ್ಲ. ಆ ನಡುವಿನ ಕಾಲವೇ ಆಯಿಲ್ ಎಂಜಿನ್ನಿನ ಕಾಲ. ಇಂಗ್ಲೆಂಡಿನ ಲಿಸ್ಟರ್ ಕಂಪನಿಯ ಎಂಜಿನ್ನುಗಳೂ ಅವುಗಳ ಮಾದರಿಯಲ್ಲಿ ನಮ್ಮ ದೇಶದಲ್ಲಿ ತಯಾರಾದವೂ ಬಂದವು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿ, ಸೈಕಲ್ ಅಂಗಡಿಯಿಂದ ಆರಂಭಿಸಿ, ಕಬ್ಬಿಣದ ನೇಗಿಲನ್ನು ಮಾಡಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಮನೆತನ 1946ರಲ್ಲಿ ಪುಣೆಯಲ್ಲಿ ಆಯಿಲ್ ಎಂಜಿನ್ನಿನ ಕಂಪನಿಯನ್ನೇ ಸ್ಥಾಪಿಸಿತು.

ನಮ್ಮ ದೊಡ್ಡಪ್ಪನವರ ಬಾವಿಗೆ ಬಂದದ್ದು ಲಿಸ್ಟರ್ ಮಾದರಿಯ ಆರು ಅಶ್ವಶಕ್ತಿಯ ಎಂಜಿನ್ನು. ನಾನಾಗ ಪ್ರಾಥಮಿಕ ಶಾಲೆಯ ಹುಡುಗ. ಎರಡು ಕಡೆಗೂ ಆಳೆತ್ತರವೆನ್ನಿಸುತ್ತಿದ್ದ ಚಕ್ರಗಳು, ನಿಮಿಷಕ್ಕೆ 650 ಸುತ್ತು. ಹ್ಯಾಂಡಲ್ ಹಾಕಿ ಇಬ್ಬರು ತಿರುಗಿಸಬೇಕು. ಅದು ಹತ್ತಿಕೊಂಡು "ಟುಕ್ ಟುಕ್" ಎಂದ ಕೂಡಲೇ ತೋಟದ ಗಿಳಿಗಳೆಲ್ಲ ಎದ್ದು ಹಾರುತ್ತಿದ್ದವು. ಬಂದಾಗಲೇ ಅದು ಹಳೆಯದು, ಎರಡು ಕೈ ದಾಟಿದ್ದು. ಕೆಲವೇ ವರ್ಷಗಳಲ್ಲಿ ನೀರು ಇಳಿಮುಖವಾಯಿತು. ಪೈಪಿನ ಬಾಯಲ್ಲಿ ತೋಳಿನ ದಪ್ಪ ಬೀಳುತ್ತಿದ್ದುದು ಮಣಿಕಟ್ಟಿನ ದಪ್ಪಕ್ಕೆ ಬಂತು. ಎಂಜಿನ್ನಿಗೆ ವಯಸ್ಸಾಯಿತೆಂದು ಮನೆಯವರೆಲ್ಲ ತೀರ್ಮಾನಿಸಿದರು.

ಮುಳಬಾಗಿಲಿನಿಂದ ಒಬ್ಬ ಮೇಸ್ತ್ರಿ ಬಂದರು. ಅವರು ಎಂಜಿನ್ನನ್ನು ಮುಟ್ಟಲೇ ಇಲ್ಲ. ಬಾವಿಯ ಸುತ್ತ ಒಂದು ಪ್ರದಕ್ಷಿಣೆ ಬಂದು, ಕೆಳಗಿಣುಕಿ, "ಎಂಜಿನ್ನಿಗೆ ಏನೂ ಆಗಿಲ್ಲ ಸ್ವಾಮಿ. ಪಂಪಿಗೆ ಉಸಿರು ಕಟ್ಟಿದೆ" ಎಂದರು.

ಆ ಮಾತಿನ ಹಿಂದೆ ಮುನ್ನೂರು ವರ್ಷಗಳ ಶಾಸ್ತ್ರವಿತ್ತೆಂಬುದು ನನಗೆ ತಿಳಿದದ್ದು ಎಷ್ಟೋ ಕಾಲದ ಮೇಲೆ. ಪಂಪು ನೀರನ್ನು ಎಳೆಯುವುದಿಲ್ಲ. ಒಳಗಿನ ಗಾಳಿಯನ್ನು ತೆಗೆದುಬಿಡುತ್ತದೆ, ಹೊರಗಿನ ವಾಯುಭಾರ ನೀರನ್ನು ಮೇಲಕ್ಕೆ ಒತ್ತುತ್ತದೆ. ಇಂಥ ಪಂಪುಗಳು ಒಂದು ಎತ್ತರದಿಂದಾಚೆಗೆ ನೀರನ್ನೆತ್ತಲಾರವೆಂಬ ಒಗಟನ್ನು ಗೆಲಿಲಿಯೋ 1638ರ ತನ್ನ ಗ್ರಂಥದಲ್ಲಿ ಪ್ರಸ್ತಾಪಿಸಿದ. ಗಾಳಿಯ ಕಡಲಿನ ತಳದಲ್ಲಿ ನಾವು ಬದುಕಿದ್ದೇವೆಂಬ ಉತ್ತರವನ್ನು ಟೊರಿಚೆಲ್ಲಿ 1644ರಲ್ಲಿ ಕೊಟ್ಟ. ಸಮುದ್ರಮಟ್ಟದಲ್ಲಿ ಆ ಮಿತಿ ಸುಮಾರು 34 ಅಡಿ. ನಮ್ಮ ಕೋಲಾರ ಸಮುದ್ರಮಟ್ಟದಿಂದ ಸುಮಾರು 2,700 ಅಡಿ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಭಾರವೇ ಕಡಮೆ, ಆದ್ದರಿಂದ ಮಿತಿ ಸುಮಾರು 31 ಅಡಿ. ಪೈಪಿನ ಘರ್ಷಣೆಯನ್ನೂ ಸೋರಿಕೆಯನ್ನೂ ಕಳೆದರೆ 20 ಅಡಿಯ ಆಸುಪಾಸು ಕ್ಷೇಮ. ತೆಳುಗಾಳಿಯಲ್ಲಿ ಎಂಜಿನ್ನಿನ ಬಲವೂ ಹತ್ತರಲ್ಲಿ ಒಂದು ಪಾಲಿನಷ್ಟು ಕುಂದುತ್ತದೆ. ಆರು ಕುದುರೆಗಳಲ್ಲಿ ಅರ್ಧ ಕುದುರೆ ಬೆಟ್ಟ ಹತ್ತುವಾಗಲೇ ಸತ್ತಿತ್ತು ಎನ್ನಿ.

ನಮ್ಮ ಬಾವಿಯ ಆಳ ಸುಮಾರು 50 ಅಡಿ. ಪಂಪು ದಡದ ಮೇಲೇ ಕುಳಿತಿತ್ತು. ನೀರು ಮಾತ್ರ ಮಳೆಯಿಲ್ಲದೆ ಕೆಳಕ್ಕೆ ಸರಿದಿತ್ತು. ಮೇಸ್ತ್ರಿ ಬಾವಿಯ ಗೋಡೆಯಲ್ಲಿ ಕಲ್ಲು ಕಡಿಸಿ ಒಂದು ಅಟ್ಟಣೆ ಮಾಡಿಸಿ ಪಂಪನ್ನು ಅಲ್ಲಿಗೆ ಇಳಿಸಿದರು. ಎಂಜಿನ್ನನ್ನು ಮೇಲೆಯೇ ಉಳಿಸಿ ಉದ್ದನೆಯ ಬೆಲ್ಟು ತೊಡಿಸಿದರು. ಎಂಜಿನ್ನನ್ನೇ ಬಾವಿಗೆ ಇಳಿಸಿ ದುಡ್ಡು ಉಳಿಸೋಣ ಎಂದರು ದೊಡ್ಡಪ್ಪ. ಹಾಗೆ ಮಾಡಿದವರೂ ನಮ್ಮ ಸೀಮೆಯಲ್ಲಿದ್ದರು. ಮೇಸ್ತ್ರಿ ಒಪ್ಪಲಿಲ್ಲ: "ಹೊಗೆ ಭಾರ ಸ್ವಾಮಿ, ಕೆಳಗೇ ನಿಲ್ಲುತ್ತೆ. ಇಳಿದ ಮನುಷ್ಯ ಹತ್ತುವುದಿಲ್ಲ." ಪಂಪನ್ನು ಇಳಿಸಿದ್ದು ಹಳೆಯ ಕಪಿಲೆಯ ಕಂಬಕ್ಕೆ ಹಗ್ಗ ಹಾಕಿ, ಅದೇ ಎತ್ತುಗಳ ಕೈಯಲ್ಲಿ.

ಉಳಿದದ್ದೆಲ್ಲ ಸಣ್ಣ ಕೆಲಸ, ಆದರೆ ನನಗೆ ಬಹಳ ಪ್ರಿಯವಾದದ್ದು. ತಳದ ಫುಟ್ ವಾಲ್ವಿನ ತೊಗಲು ಸವೆದಿತ್ತು. ಅದುವರೆಗೆ ದಿನವೂ ಬೆಳಿಗ್ಗೆ ಸಗಣಿನೀರನ್ನು ಪಂಪಿಗೆ ಹೊಯ್ದು ಆ ಸೋರಿಕೆಯನ್ನು ಮೆತ್ತಿಕೊಂಡು ಓಡಿಸುತ್ತಿದ್ದೆವು! ಹೊಸ ತೊಗಲು ಬಂತು. ಎರಡು ಅಂಗುಲದ ಪೈಪನ್ನು ತೆಗೆಸಿ ಎರಡೂವರೆಯದನ್ನು ಹಾಕಿಸಿದರು. ಅಷ್ಟರಿಂದಲೇ ಅಷ್ಟೇ ನೀರಿಗೆ ಘರ್ಷಣೆ ಮೂರನೆಯ ಒಂದಕ್ಕೆ ಇಳಿಯುತ್ತದೆ. ಇದು ಲೆಕ್ಕದ ಮಾತು, ಉತ್ಪ್ರೇಕ್ಷೆಯಲ್ಲ. ಎಂಜಿನ್ನಿನ ಮೈ ತಂಪಾಗಿರಲೆಂದು ಬಾವಿಯ ತಣ್ಣೀರನ್ನು ಧಾರಾಳವಾಗಿ ಹರಿಸುತ್ತಿದ್ದೆವು. ಮೇಸ್ತ್ರಿ ಆ ನಲ್ಲಿಯನ್ನು ಮುಕ್ಕಾಲು ಮುಚ್ಚಿ, ಹೊರಬರುವ ನೀರು ಕೈಗೆ ತಾಳುವಷ್ಟು ಬಿಸಿಯಾಗಿರಬೇಕೆಂದರು. ತಣ್ಣಗಿರುವ ಎಂಜಿನ್ನಿನಲ್ಲಿ ಎಣ್ಣೆ ಪೂರ್ತಿ ಉರಿಯುವುದಿಲ್ಲ, ಹೊಗೆಯಾಗಿ ಹೋಗುತ್ತದೆ. ಸಂಜೆ ತೊಟ್ಟಿಗೆ ಬಿದ್ದ ನೀರು ಮತ್ತೆ ತೋಳಿನ ದಪ್ಪವಿತ್ತು.

ನಷ್ಟವೇ ಇಲ್ಲದಿದ್ದರೆ ಆರು ಅಶ್ವಶಕ್ತಿ 50 ಅಡಿಯಿಂದ ನಿಮಿಷಕ್ಕೆ ಸುಮಾರು 400 ಗ್ಯಾಲನ್ ಎತ್ತಬೇಕು. ಅರ್ಧ ಬಂದರೆ ಪುಣ್ಯ. ನಮಗೆ ಆ ಅರ್ಧ ಬಂದಿರಬಹುದು. ಆದರೂ ದೊಡ್ಡಪ್ಪನವರ ಹಿರಿಯ ಮಗನಿಗೆ ತೃಪ್ತಿಯಿಲ್ಲ. ಮೇಸ್ತ್ರಿ ಅತ್ತ ಹೋದ ಮೇಲೆ ಅವನು ಗವರ್ನರಿನ ಸ್ಪ್ರಿಂಗನ್ನು ಬಿಗಿದು ಎಂಜಿನ್ನನ್ನು ಇನ್ನಷ್ಟು ಓಡಿಸಿದ. ಪಂಪನ್ನು ನೂರಕ್ಕೆ ಹತ್ತರಷ್ಟು ಹೆಚ್ಚು ವೇಗದಲ್ಲಿ ತಿರುಗಿಸಿದರೆ ಅದು ಕೇಳುವ ಬಲ ನೂರಕ್ಕೆ ಮೂವತ್ತಮೂರರಷ್ಟು ಹೆಚ್ಚುತ್ತದೆ. ಹೊಗೆ ಕಪ್ಪಗಾಯಿತು, ಬೆಲ್ಟು ಜಾರತೊಡಗಿತು, ಡೀಸೆಲ್ಲಿನ ಡಬ್ಬ ಬೇಗ ಬರಿದಾಯಿತು. ನೀರು ಹೆಚ್ಚಾದದ್ದೂ ನಿಜವೇ. ಅದೇ ತೊಂದರೆಯಾಯಿತು.

ಕಪಿಲೆ ಹೊಡೆಯುವಾಗ ಇಡೀ ಹಗಲು ನೀರಿರುತ್ತಿದ್ದ ಬಾವಿ ಈಗ ಎರಡು ಗಂಟೆಯೊಳಗೆ ತಳ ಕಂಡಿತು. ಬಂಡೆಯ ಸೀಳುಗಳಿಂದ ಊರುವ ನೀರಿಗೆ ಅದರದೇ ಒಂದು ವೇಗವಿದೆ. ಗವರ್ನರು ಅದಕ್ಕೆ ತಾಕುವುದಿಲ್ಲ. ಪಕ್ಕದ ತೋಟದವರ ಬಾವಿಯೂ ಇಳಿಯಿತು. ಅವರಲ್ಲಿ ಇನ್ನೂ ಕಪಿಲೆಯೇ ಇದ್ದದ್ದು. ಆ ಮನೆಯ ಹಿರಿಯರು ಒಂದು ಬೆಳಿಗ್ಗೆ ಬಂದು ನಮ್ಮ ಜಗುಲಿಯ ಮೇಲೆ ಕುಳಿತು, ಕಾಫಿಯನ್ನು ಬೇಡವೆಂದು, "ನಿಮ್ಮ ಎಂಜಿನ್ನು ನಮ್ಮ ಬಾವಿಯಿಂದಲೂ ಸೇದುತ್ತಿದೆ, ಸ್ವಾಮಿ" ಎಂದಷ್ಟೇ ಹೇಳಿ ಎದ್ದುಹೋದರು. ದೊಡ್ಡಪ್ಪ ಅಂದೇ ಸ್ಪ್ರಿಂಗನ್ನು ಸಡಿಲಿಸಿದರು. ಆದರೆ ಪಕ್ಕದವರು ಅಷ್ಟರಲ್ಲಿ ಎಂಜಿನ್ನಿಗೆ ಮುಂಗಡ ಕೊಟ್ಟಾಗಿತ್ತು.

ಮುಂದಿನದು ತಮಗೆಲ್ಲ ತಿಳಿದದ್ದೇ. ವಿದ್ಯುತ್ತು ಬಂತು, ಕೊಳವೆಬಾವಿ ಬಂತು. ನೀರನ್ನು ಕೆಳಗಿನಿಂದಲೇ ತಳ್ಳುವ ಸಬ್‌ಮರ್ಸಿಬಲ್ ಪಂಪಿಗೆ ಟೊರಿಚೆಲ್ಲಿಯ ಮಿತಿ ಅನ್ವಯಿಸಲಿಲ್ಲ. ನೂರಾರು ಅಡಿ, ಕೊನೆಗೆ ಸಾವಿರ ಅಡಿಯನ್ನೂ ದಾಟಿ ಕೊರೆದರು. ತೆರೆದ ಬಾವಿಗಳು ಒಂದೊಂದಾಗಿ ಒಣಗಿ ಕಸದ ಗುಂಡಿಗಳಾದವು. ಎಂಜಿನ್ನನ್ನು ಗುಜರಿಯವರು ತೂಕಕ್ಕೆ ಕೊಂಡೊಯ್ದರು. ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಬಳಕೆಯಾದ ನೀರನ್ನು ಸಂಸ್ಕರಿಸಿ ನಮ್ಮ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆಯ ಮೊದಲ ನೀರು ಜಿಲ್ಲೆಗೆ ಬಂದದ್ದು 2018ರಲ್ಲಿ. ಆ ನೀರಿನ ಶುದ್ಧಿಯ ಬಗೆಗೆ ಚರ್ಚೆಗಳಾಗಿವೆ, ಆಗಬೇಕಾದ್ದೂ ಹೌದು.

ಕಳೆದ ಬಾರಿ ಊರಿಗೆ ಹೋದಾಗ ದೊಡ್ಡಪ್ಪನವರ ಬಾವಿಯನ್ನು ಇಣುಕಿ ನೋಡಿದೆ. ಮೇಲಿನ ಕೆರೆಯಲ್ಲಿ ನೀರಿತ್ತು. ಬಾವಿಯಲ್ಲೂ ಎಷ್ಟೋ ವರ್ಷಗಳ ಮೇಲೆ ನೀರು ನಿಂತಿತ್ತು. ಮೇಸ್ತ್ರಿ ಕಡಿಸಿದ ಅಟ್ಟಣೆ, ಅದರ ನಾಲ್ಕು ಬೋಲ್ಟುಗಳಲ್ಲಿ ತುಕ್ಕು ಹಿಡಿದು ಉಳಿದ ಎರಡು, ಅದಕ್ಕೆ ಮೂರು ಮೊಳ ಕೆಳಗೆ ನೀರು.