‘ಖರಾಬು’: ಒಂದು ಕಂದಾಯ ಪದದ ಅರ್ಥಾಂತರ

ಒಂದೇ ಮೂಲದ ಪದವು ಬೇರೆ ಬೇರೆ ಭಾಷೆಗಳಲ್ಲಿ ಭಿನ್ನ ಅರ್ಥಗಳನ್ನು ತಳೆಯುವುದು ಭಾಷಾ ಸಂಪರ್ಕದ ಸಹಜ ಪರಿಣಾಮ. ಸಂಸ್ಕೃತದ ‘ಶಿಕ್ಷಾ’ ಹಿಂದಿಯಲ್ಲಿ ವಿದ್ಯಾಭ್ಯಾಸವಾದರೆ, ಕನ್ನಡದ ‘ಶಿಕ್ಷೆ’ ಮುಖ್ಯವಾಗಿ ದಂಡನೆ. ಇಂತಹ ಅರ್ಥಭೇದವು ನಿಘಂಟಿನ ವಿಷಯವಾಗಿಯಷ್ಟೇ ಉಳಿಯದೆ ಜನಪದರ ನೆಲೆಗಳನ್ನೂ ಮುಟ್ಟಬಲ್ಲದು ಎಂಬುದಕ್ಕೆ ‘ಖರಾಬು’ ನಿದರ್ಶನವಾಗಿದೆ.

ಪಾಳು, ವಿನಾಶ ಎಂಬರ್ಥದ ಅರಬ್ಬಿ ‘ಖರಾಬ್’ ಪಾರಸಿಯ ಮೂಲಕ ಭಾರತೀಯ ಭಾಷೆಗಳಿಗೆ ಬಂದಿತು. ಹಿಂದಿ, ಉರ್ದುಗಳಲ್ಲಿ ಅದು ‘ಕೆಟ್ಟ’ ಎಂಬ ಗುಣವಾಚಕ. ಹಾಲೂ ಖರಾಬಾಗುತ್ತದೆ, ಯಂತ್ರವೂ ಖರಾಬಾಗುತ್ತದೆ. ಕನ್ನಡದ ಆಡುಮಾತಿನಲ್ಲಿಯೂ ಈ ಅರ್ಥವುಂಟು. ಆದರೆ ಪಹಣಿಯಲ್ಲಿ ‘ಖರಾಬು’ ಎಂದರೆ ಸರ್ವೆ ನಂಬರಿನ ಒಟ್ಟು ವಿಸ್ತೀರ್ಣದಲ್ಲಿ ಕಂದಾಯದ ಲೆಕ್ಕದಿಂದ ಕಳೆದ ಭಾಗ.

1966ರ ಕರ್ನಾಟಕ ಭೂಕಂದಾಯ ನಿಯಮಗಳು ಇದನ್ನು ಎರಡಾಗಿ ವಿಂಗಡಿಸಿವೆ. ಅಳತೆಯ ಕಾಲಕ್ಕೆ ಸಾಗುವಳಿಗೆ ಒದಗದ ನೆಲ, ಹಿಡುವಳಿದಾರನ ಕೃಷಿ ಕಟ್ಟಡ ಹಾಗೂ ಕಣ ‘ಎ ಖರಾಬು’. ರಸ್ತೆ, ಕಾಲುದಾರಿ, ಇತರರೂ ಬಳಸುವ ಕೆರೆ-ಹಳ್ಳ, ಸ್ಮಶಾನ, ಊರ ಕುಂಬಾರಿಕೆಗೆ ಬಿಟ್ಟ ನೆಲ ‘ಬಿ ಖರಾಬು’.

1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾದಾಗ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದು ಸೇರಿದವು. ಇಂದು ಪ್ರತ್ಯೇಕ ತಾಲ್ಲೂಕಾಗಿರುವ ನ್ಯಾಮತಿ ಆಗ ಹೊನ್ನಾಳಿಯ ಭಾಗವಾಗಿತ್ತು. ಚನ್ನಗಿರಿಯ ಅಡಿಕೆ ತೋಟ, ಹೊನ್ನಾಳಿ-ನ್ಯಾಮತಿಗಳ ಭತ್ತದ ಗದ್ದೆ, ಜಗಳೂರಿನ ಮಳೆಯಾಶ್ರಿತ ಹೊಲ ಇವುಗಳ ಗುಣ ಬೇರೆ ಬೇರೆ. ಖುಷ್ಕಿ, ತರಿ, ಬಾಗಾಯ್ತು ಎಂಬ ಪದಗಳು ಆ ಭೇದವನ್ನು ಗುರುತಿಸುತ್ತವೆ. ‘ಖರಾಬು’ ಮಾತ್ರ ಎಲ್ಲೆಡೆಯೂ ಒಂದೇ.

ಹೀಗೆ ಕಳೆದ ನೆಲದಲ್ಲಿಯೇ ಜನಪದರ ಪವಿತ್ರ ನೆಲೆಗಳಿವೆ ಎಂಬುದು ಗಮನಾರ್ಹ. ಕಣವನ್ನು ಸಗಣಿಯಿಂದ ಸಾರಿಸಿ, ನಡುವೆ ಮೇಟಿ ನೆಟ್ಟು, ರಾಶಿಗೆ ಪೂಜೆ ಸಲ್ಲಿಸುವರು. ಅಳೆಯುವಾಗ ‘ಒಂದು’ ಎನ್ನದೆ ‘ಲಾಭ’ ಎನ್ನುವರು. ಹಂತಿಯ ಹಾಡುಗಳು ಬೆಳೆದದ್ದು ಅಲ್ಲಿಯೇ. ಸ್ಮಶಾನವು ಹಿರಿಯರ ನೆಲೆ. ಕುಂಬಾರನ ಮಣ್ಣಿಲ್ಲದೆ ಮದುವೆಯ ಐರಾಣಿ ಗಡಿಗೆಯಿಲ್ಲ. ಜನಪದರ ದೃಷ್ಟಿಯಲ್ಲಿ ಲಾಭದ ಸ್ಥಾನವಾದದ್ದು ದಾಖಲೆಯಲ್ಲಿ ಖರಾಬು!

ನಿಯಮದ ಅರ್ಥದಲ್ಲಿ ‘ಖರಾಬು’ ಕಂದಾಯವಿಲ್ಲದ ನೆಲವೇ ಹೊರತು ಕೆಟ್ಟ ನೆಲವಲ್ಲ. ಆದರೆ ಆಡುಮಾತಿನ ಅರ್ಥವು ದಾಖಲೆಯ ಅರ್ಥದ ಮೇಲೆ ಕವಿದಾಗ ‘ಖರಾಬು’ ನಿರುಪಯುಕ್ತವೆನಿಸುತ್ತದೆ. ನಿರುಪಯುಕ್ತವೆನಿಸಿದ್ದು ಒತ್ತುವರಿಗೆ ಸುಲಭವಾಗಿ ಈಡಾಗುತ್ತದೆ. ಯಂತ್ರಗಳು ಬಂದ ಮೇಲೆ ಕಣಗಳು ಮರೆಯಾಗುತ್ತಿರುವ ಇಂದು, ಕ್ಷೇತ್ರಕಾರ್ಯಕ್ಕೆ ಹೋಗುವವರು ಊರಿನ ಪಹಣಿ ಮತ್ತು ನಕ್ಷೆಗಳನ್ನು ಹಿರಿಯರೊಡನೆ ಕುಳಿತು ಓದಬೇಕಾಗಿದೆ. ಗ್ರಾಮದ ನೆನಪಿನ ಬಹುಭಾಗ ಆ ಒಂದು ಕಲಂನಲ್ಲಿಯೇ ಅಡಗಿದೆ.